ಗಟ್ಟಿ ಮೊಗ್ಗು

ಪೀಪ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಪೀಪ್, ಬಟ್ಟೆ ಕೋಣೆಯೊಳಗಿನ ತೇವ ಎಳೆಯುವ ಮಷಿನ್ನಿನ ತೊಟ್ಟಿ ತುಂಬಿರಬೇಕು, ಅದನ್ನು ಚೆಲ್ಲುವುದು ಅಭಿನವನ ಕೆಲಸ, ಅವನು ಏಳಲಿ ಎಂದು ಕಣ್ಣು ಮುಚ್ಚಿಯೇ ಕಾಯುತ್ತೇನೆ, ಮಗ್ಗುಲಲ್ಲಿ ಹಾಸಿಗೆ ತಣ್ಣಗಿದೆ, ಹೌದಲ್ಲ, ನಿನ್ನೆ ಅವನನ್ನು ಸುಟ್ಟು ಬಂದೆವು — ಎಷ್ಟು ಸಲೀಸಾಗಿ ಬಂತು ಈ ವಾಕ್ಯ, ಅಳು ಬರಬೇಕಿತ್ತು, ಬರುವುದಿಲ್ಲ, ಬದಲಿಗೆ ಹಾಲು ತೀರಿದೆ ಅನ್ನುವುದು ನೆನಪಾಗುತ್ತದೆ, ಇವತ್ತು ಕಸದ ಗಾಡಿ ಬರುತ್ತದೆ ಅನ್ನುವುದು ನೆನಪಾಗುತ್ತದೆ, ಕಿಟಕಿಯ ಹೊರಗೆ ಕಾರ್ಲ್ಸ್‌ಬಾಡಿನ ಜೂನ್ ತಿಂಗಳ ಕಡಲ ಮಂಜು, ಎದುರು ಮನೆಯವನು ನಾಯಿ ಹಿಡಿದು ಹೊರಟಿದ್ದಾನೆ, ಎಲ್ಲ ಎಂದಿನಂತೆ, ಹಜಾರದಲ್ಲಿ ಅತ್ತೆಯ ಒದ್ದೆ ಕಾಲಿನ ಸದ್ದು ಕೂಡ. ಅನ್ನಪೂರ್ಣವ್ವ, ಮಗನ ಆರೈಕೆಗೆಂದು ಜನವರಿಯಲ್ಲಿ ವಿಜಯಪುರದಿಂದ ಬಂದವರು, ತಾಮ್ರದ ತಂಬಿಗೆ ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದವರು, ಸ್ನಾನ ಮಾಡಿ ಅದರ ತುಂಬ ನೀರು ಹಿಡಿದು ಬಟ್ಟೆ ಕೋಣೆಯ ಬಾಗಿಲು ತೆಗೆಯುತ್ತಾರೆ, ಗಿಡಗಳ ನೆತ್ತಿಯ ಮೇಲೆ ನೀರು ಬೀಳುವ ಸದ್ದು ನನಗೆ ಇಲ್ಲಿಯೇ ಕೇಳುತ್ತದೆ, ಮೊದಲೆಲ್ಲ ನನ್ನ ಮಗನ್ನ ಕಾಯವ್ವ ಅನ್ನುತ್ತಿದ್ದರು, ಇವತ್ತು ನೀರು ಮಾತ್ರ ಹೊಯ್ದರು.

ಗಾಂಜಾ ಗಿಡವೆಂದು ಇವರಿಗೆ ಹೇಗೆ ಹೇಳುವುದು ಎಂದು ನಾವಿಬ್ಬರೂ ಎಷ್ಟು ತಲೆ ಕೆಡಿಸಿಕೊಂಡಿದ್ದೆವು, ಮನೆಯಲ್ಲಿ ಆರು ಗಿಡಕ್ಕೆ ಇಲ್ಲಿ ಕಾನೂನು ಒಪ್ಪುತ್ತದೆ, ಕೀಮೋ ಆದ ಮೇಲೆ ಅವನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಇದನ್ನು ಸೇದಿದರೆ ಎರಡು ತುತ್ತು ಇಳಿಯುತ್ತದೆ, ಇದೆಲ್ಲ ವಿವರಿಸಲು ಸಿದ್ಧರಾಗಿ ನಿಂತಿದ್ದರೆ ಅವರು ಬಂದ ದಿನವೇ ಬಾಗಿಲು ತೆಗೆದು ಮೂಸಿ, ಗಾಂಜಾ ಅದಲ್ಲೋ ಇದು, ನೀ ಉಣ್ಣೂಹಂಗ ಆಗತದಂದ್ರ ಔಷಧ ಆತು ಬಿಡು ಅಂದರು, ಅಭಿನವ ನಕ್ಕು ನಕ್ಕು ಕೆಮ್ಮಿದ. ಆಮೇಲೆ ಔಷಧ ದೇವರ ಗಿಡವಾಯಿತು, ದಿನವೂ ನೆತ್ತಿಯ ಮೇಲೆ ತಂಬಿಗೆ ನೀರು. ಅತ್ತೆ, ಬುಡಕ್ಕೆ ಹಾಕಿ ಎಂದು ಒಮ್ಮೆ ಹೇಳಿದೆ, ಬುಡಕ್ಕ ಹಾಕಿದ್ರ ಬೇರ ಕುಡೀತಾವ ತಂಗಿ, ನೆತ್ತಿ ತಣ್ಣಗಾಗೂದ ಬ್ಯಾಡೇನ ಅಂದರು, ಮತ್ತೆ ಹೇಳಲಿಲ್ಲ, ಈ ಮನೆಯಲ್ಲಿ ಅವರಿಗೆ ಮಾಡಲು ಇನ್ನೇನಿತ್ತು. ಅವನಿಗೋ ಮೊಗ್ಗು ಗಟ್ಟಿಯಾಗಬೇಕು, ಒಣಗಿಸಿ ಸೇದುವುದು ಅದನ್ನೇ, ಅದೊಂದೇ ಹಟ, ಅಂಗಡಿಯಲ್ಲಿ ಪರೀಕ್ಷೆಯಾಗಿ ಸೀಲ್ ಆದದ್ದು ಸಿಗುತ್ತದೆ, ಬೇಕೇ ಬೇಕಾದರೆ ಅದನ್ನೇ ಕೊಳ್ಳಿ ಎಂದು ನರ್ಸ್ ಹೇಳಿದ್ದಳು, ಇವನು ಅದನ್ನು ಬೆರಳಲ್ಲಿ ಒತ್ತಿ, ಹತ್ತಿ ಇದ್ದ ಹಾಗಿದೆ ಕಣೇ, ನಾನು ಬೆಳೆದು ತೋರಿಸ್ತೀನಿ ಅಂದ, ಕೆಲಸ ಬಿಟ್ಟು ಕೂತ ಎಂಜಿನಿಯರ್, ತುದಿ ಚಿವುಟಿದ, ಬೆಳಕು ಎಲ್ಲ ಕೊಂಬೆಗೂ ಸಮನಾಗಿ ಬೀಳಲಿ ಎಂದು ದಾರ ಕಟ್ಟಿ ಬಾಗಿಸಿದ, ಕೆಳಗಿನ ಬಡಕಲು ಕುಡಿಗಳನ್ನು ತೆಗೆದ, ಲೈಟನ್ನು ಎಲೆ ಸುಡದಷ್ಟೇ ಹತ್ತಿರಕ್ಕೆ ಇಳಿಸಿದ, ಕತ್ತಲಿನ ಹೊತ್ತಿನಲ್ಲಿ ಫೋನಿನ ಬೆಳಕೂ ಒಳಗೆ ಹೋಗಬಾರದು, ಗಟ್ಟಿ ಮೊಗ್ಗಿನೊಳಕ್ಕೆ ಗಾಳಿ ಆಡುವುದಿಲ್ಲ, ತೇವ ಕೂತರೆ ಕೊಳೆಯುತ್ತದೆ ಎಂದು ವೆಸ್ಟ್ ಕೊವಿನಾದ ಶಿವರುದ್ರಪ್ಪ ಅಂಕಲ್ ಮನೆಯಿಂದ ಈ ಮಷಿನ್ ಎರವಲು ತಂದ, ಅಷ್ಟೆಲ್ಲ ತಿಳಿದವನಿಗೆ ತಂಬಿಗೆಯ ವಿಷಯ ತಿಳಿದಿರಲಿಲ್ಲ, ಬೆಳಗಿನ ಹೊತ್ತು ಅವನಿಗೆ ಏಳಲಾಗುತ್ತಿರಲಿಲ್ಲ, ನನಗೆ ತಿಳಿದಿತ್ತು. ಮಾರ್ಚಿನಲ್ಲಿ ಮೊದಲ ಬೆಳೆ ಕೊಯ್ದೆವು, ಈಗಿರುವುದು ಆಮೇಲೆ ನೆಟ್ಟದ್ದು, ಒಣಗಿದ ಮೇಲೆ ಎಲೆ ಕತ್ತರಿಸುತ್ತ ನಾನು ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಇಟ್ಟುಕೊಂಡು ಕೂತಿದ್ದೆ, ಅವನು ಸೋಫಾದ ಮೇಲೆ, ಎಲ್ಲಕ್ಕಿಂತ ದಪ್ಪನೆಯ ಮೊಗ್ಗು ಕತ್ತರಿಗೆ ಸಿಕ್ಕಿ ಎರಡಾಯಿತು, ಹೊರಗೆಲ್ಲ ಹಸಿರು, ಸಕ್ಕರೆ ಉದುರಿಸಿದ ಹಾಗೆ ಹೊಳಪು, ನಡುವೆ ದಂಟಿಗೆ ಅಂಟಿಕೊಂಡು ಬೂದು ನೂಲು, ಜೇಡ ನೇಯ್ದ ಹಾಗೆ. ನಾನು ಓದಿದ್ದು ಮೈಕ್ರೋಬಯಾಲಜಿ, ಸಂಬಳ ತರುವುದೂ ಅದರಿಂದಲೇ, ಅದೇನೆಂದು ನೋಡಿದ ಕೂಡಲೇ ತಿಳಿಯಿತು, ಈ ಬೂದು ಬೂಷ್ಟು ಗಿಡದ್ದು, ಮನುಷ್ಯರಿಗೆ ಹತ್ತುವುದು ಅಪರೂಪ, ಆದರೆ ಇದು ಬೆಳೆದ ಕಡೆ ಬೇರೆಯದೂ ಬೆಳೆಯುತ್ತದೆ, ಕೀಮೋ ಆಗಿ ಬಿಳಿ ರಕ್ತಕಣ ಕಡಿಮೆಯಿರುವವರ ಪುಪ್ಪುಸಕ್ಕೆ ಅದು ಇಳಿಯಬಾರದು, ಇಷ್ಟೂ ತಿಳಿಯಿತು. ಹೇಗಿದೆಯೇ, ಎಂದು ಅವನು ಕೂಗಿದ. ಕಲ್ಲಿನ ಹಾಗಿದೆ, ಅಂದೆ. ಎಷ್ಟೋ ವಾರಗಳ ಮೇಲೆ ಅಂಥ ಹಿಗ್ಗಿನ ದನಿಯಲ್ಲಿ ಕೂಗಿದ್ದ. ಬೂದು ಇದ್ದಷ್ಟನ್ನು ಕೆತ್ತಿ ಸಿಂಕಿಗೆ ಹಾಕಿದೆ, ನಲ್ಲಿ ಬಿಟ್ಟೆ, ಉಳಿದದ್ದನ್ನು ಒಡೆದು ನೋಡದೆ ಎರಡು ಜಾಡಿಗೆ ತುಂಬಿದೆ.

ಎರಡು ಜಾಡಿ — ಎದ್ದು ಕೂರುತ್ತೇನೆ — ಒಂದು ಅವನದು, ಸೇದಿ ಮುಗಿಸಿದ್ದ, ಇನ್ನೊಂದು ಮಷಿನ್ ಕೊಟ್ಟವರಿಗೆ, ಶಿವರುದ್ರಪ್ಪ ಅಂಕಲ್ ಹೆಂಡತಿ ರೇಖಾ ಆಂಟಿಗೂ ಅದೇ ಕಾಯಿಲೆ, ಅವನೇ ಡ್ರೈವ್ ಮಾಡಿ ಕೊಟ್ಟು ಬಂದಿದ್ದ, ನಿನ್ನೆ ಚಿತಾಗಾರದ ಬಾಗಿಲಲ್ಲಿ ಅಂಕಲ್ ನನ್ನ ಎರಡೂ ಕೈ ಹಿಡಿದು, ಮಷಿನ್ನಿಗೆ ಅವಸರ ಇಲ್ಲಮ್ಮ, ರೇಖಾ ಆ ಜಾಡಿ ಹಾಗೇ ಇಟ್ಟಿದಾಳೆ, ಸೋಮವಾರ ಮತ್ತೆ ಕೀಮೋ ಶುರು, ಆಗ ಬೇಕಾಗುತ್ತೆ ಅಂತ, ಎಂದು ಏನೇನೋ ಹೇಳಿದರು, ನಾನು ತಲೆಯಾಡಿಸಿದೆ, ಕೇಳಿಸಿಕೊಂಡಿರಲಿಲ್ಲ, ಈಗ ಕೇಳುತ್ತಿದೆ, ಇವತ್ತು ಶನಿವಾರ. ಕಡೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರ್ ಅಭಿನವನ ಸ್ಕ್ಯಾನ್ ತೋರಿಸಿ, ಪುಪ್ಪುಸದಲ್ಲಿ ಫಂಗಸ್ ಇದೆ, ಗಾಳಿಯಲ್ಲೇ ಇರುವಂಥದ್ದು, ಎಲ್ಲಿಂದ ಬಂತೆಂದು ಹೇಳಲಾಗದು, ಮನೆಯಲ್ಲಿ ಬೂಷ್ಟು ಏನಾದರೂ ಇತ್ತೇ ಎಂದಾಗ ಪಕ್ಕದಲ್ಲಿ ಅತ್ತೆ ಕೂತಿದ್ದರು, ಇಂಗ್ಲಿಷ್ ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದರು, ಇಲ್ಲ ಅಂದೆ. ಒಂದು ಫೋನ್ ಮಾಡಿದರೆ ಸಾಕು, ಆಂಟಿ ಅದನ್ನು ಸೇದಬೇಡಿ, ಯಾಕಮ್ಮ ಅನ್ನುತ್ತಾರೆ, ಯಾಕೆ ಅಂದರೆ, ಫೋನ್ ಕೈಯಲ್ಲಿದೆ, ಬೆರಳು ಏಳುವುದಿಲ್ಲ, ಮಷಿನ್ ಕೊಡಲು ಹೋದ ಹಾಗೆ ಹೋಗಿ ಜಾಡಿ ತಂದುಬಿಟ್ಟರೆ ಯಾರೂ ಏನೂ ಕೇಳಲಾರರು, ವೈರು ಕೀಳುತ್ತೇನೆ, ತೊಟ್ಟಿಯ ನೀರು ಚೆಲ್ಲುತ್ತೇನೆ, ಹೊತ್ತು ಕಾರಿಗೆ ಹಾಕುತ್ತೇನೆ, ಅತ್ತೆ ಬಾಗಿಲಿಗೆ ಬರುತ್ತಾರೆ, ಸೂತಕದಾಗ ಒಬ್ಬರ ಹೊಸ್ತಿಲಾ ತುಳೀಬಾರದು ತಂಗಿ, ಅದೂ ಜಡ್ಡಾದವರ ಮನಿ, ಇವತ್ತೇ ಯಾಕ. ಇವತ್ತೇ ಕೊಡಬೇಕು ಅತ್ತೆ. ಅವರ ಕೈಯಲ್ಲಿ ಇನ್ನೂ ತಂಬಿಗೆ, ತಳದಿಂದ ಹನಿ ಬೀಳುತ್ತಿದೆ, ನಿಮ್ಮ ನೀರು ಎಂದು ಒಂದು ಮಾತು ಅಂದರೆ ಇಷ್ಟೂ ಭಾರ ಆ ಕಡೆಗೆ ಸರಿದುಬಿಡುತ್ತದೆ, ಈ ಯೋಚನೆ ಬಂದದ್ದಕ್ಕೇ ನಾಚಿಕೆಯಾಗುತ್ತದೆ, ಅವರು ನೋಡದೆ ಹೊಯ್ದರು, ನಾನು ನೋಡಿ ತುಂಬಿದೆ — ಉತ್ತರಕ್ಕೆ ಫ್ರೀವೇ, ಬಲಗಡೆ ಕಂದು ಗುಡ್ಡ, ಎಡಗಡೆ ಮಂಜಿನೊಳಗೆ ಸಮುದ್ರ, ಎಲ್ಲರೂ ಬೀಚಿಗೆ ಹೊರಟ ಹಾಗಿದೆ, ತಿರುವಿನಲ್ಲೆಲ್ಲ ಹಿಂದೆ ಮಷಿನ್ ಗಡಗಡ ಅನ್ನುತ್ತದೆ, ಅರ್ವೈನ್ ದಾಟಿದ ಮೇಲೆ ಬಿಸಿಲು, ಕಣ್ಣು ಕುಕ್ಕುತ್ತದೆ, ಹಸಿರು, ಹೊಳಪು, ನಡುವೆ ಬೂದು ನೂಲು.

ಹೊಸ್ತಿಲ ಹೊರಗೇ ನಿಂತೆ, ಒಳಗೆ ಬಾರಮ್ಮ, ನಮಗೆ ಆ ಶಾಸ್ತ್ರವೆಲ್ಲ ಇಲ್ಲ, ಎಂದು ಅಂಕಲ್ ಕರೆದರೂ ನಿಂತೇ ಇದ್ದೆ, ಅವರು ಮಷಿನ್ನನ್ನು ತಾವೇ ಎತ್ತಿ ಒಳಗಿಟ್ಟರು, ಇದನ್ನ ಕೊಡೋಕೆ ಇಷ್ಟು ದೂರ ಬಂದ್ಯಾ ಎಂದು ವೈರು ಸುತ್ತುತ್ತ ಬೇಜಾರು ಮಾಡಿಕೊಂಡರು, ರೇಖಾ ಆಂಟಿ ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಗೋಡೆ ಹಿಡಿದು ಬಂದರು, ಹುಬ್ಬು ಇಲ್ಲ, ಅವನ ಹಾಗೆಯೇ, ಆ ಜಾಡಿ ಬೇಕಿತ್ತು ಆಂಟಿ, ಅಂದೆ, ಅಷ್ಟೇ ಅಂದೆ, ಅವರು ಯಾಕೆ ಎಂದು ಕೇಳಲೇ ಇಲ್ಲ, ಕಣ್ಣು ತುಂಬಿಕೊಂಡು ಒಳಗೆ ಹೋಗಿ ತಂದರು, ಅವನ ಕೈಯಲ್ಲಿ ಬೆಳೆದದ್ದು, ನಿನ್ನ ಹತ್ರಾನೇ ಇರಲಿ ಪುಟ್ಟಿ, ಅಂದರು. ಎಷ್ಟು ಸುಲಭ, ಕೈ ಚಾಚಿದರೆ ಆಯಿತು, ಹೊರಟರೆ ಆಯಿತು, ಕೈ ಚಾಚಿದೆ, ಜಾಡಿ ತಣ್ಣಗಿತ್ತು.

ಸೋಮವಾರಕ್ಕೆ ಅಂತ ಎರಡು ಮೊಗ್ಗು ನಾನು ಇಟ್ಕೊಂಡಿದೀನಿ, ಪರವಾಗಿಲ್ವಾ?

ಪರವಾಗಿಲ್ಲ ಅನ್ನಲು ಬಾಯಿ ತೆರೆದೆ. ಕೊಡಿ ಆಂಟಿ, ಒಂದು ಸಲ, ಅಂದೆ. ಚಿಕ್ಕ ಬಟ್ಟಲಿನಲ್ಲಿ ತಂದರು, ಎರಡೂ ದಪ್ಪ, ಎರಡೂ ಬಿಗಿ, ಅವನು ನೋಡಿದ್ದರೆ ಹಿಗ್ಗುತ್ತಿದ್ದ, ಒಂದನ್ನು ಉಗುರು ಹಾಕಿ ಸೀಳಿದೆ, ಹಸಿರು, ದಂಟಿನ ತನಕ ಹಸಿರು, ಹಾಗಾದರೆ ಬೂದು ಇದ್ದದ್ದು ಆ ಒಂದರಲ್ಲೇ ಇರಬಹುದು, ಅದನ್ನು ಕೆತ್ತಿ ಹಾಕಿದ್ದೆನಲ್ಲ, ಹಾಗಾದರೆ ನಾನು ಕೊಟ್ಟದ್ದರಿಂದಲ್ಲ, ಎರಡನೆಯದನ್ನು ಮುಟ್ಟದೆ ಇಟ್ಟುಬಿಡೋಣ ಅನ್ನಿಸಿತು, ಆಂಟಿ ಬಗ್ಗಿ ನೋಡುತ್ತಿದ್ದಾರೆ, ಅವರ ಉಸಿರು ನನ್ನ ಕೈಗೆ ತಾಗುತ್ತಿದೆ, ಸೀಳಿದೆ.

ಈ ಬೂಷ್ಟನ್ನ ಮಾರ್ಚಿನಲ್ಲೇ ನೋಡಿದ್ದೆ ಆಂಟಿ. ನೋಡೀನೇ ಅವನಿಗೆ ಕೊಟ್ಟೆ.

ಅಂಕಲ್ ಕೈಯಲ್ಲಿ ವೈರು ಅರ್ಧ ಸುತ್ತಿ ನಿಂತಿದೆ. ಹಸಿರು ಎರಡು ಹೋಳು, ನನ್ನ ಎರಡು ಹೆಬ್ಬೆರಳು, ನಡುವೆ ಬೂದು ನೂಲು, ಒಂದು ಹೋಳಿನಿಂದ ಇನ್ನೊಂದಕ್ಕೆ, ಹರಿಯದೆ, ಬೂದು ನೂಲು.