ಒಂಬತ್ತನೆಯದನ್ನು ಬಳಸಿ ಹೋಗುವ ದಾರಿ

ದೋಣಿ ಮತ್ತೆ ಎಡಕ್ಕೆ ವಾಲಿತು, ಮಡಿಲಿನ ಲ್ಯಾಪ್‌ಟಾಪ್ ಜಾರಿತು, ಅಲ್ಜಿಯಾ ತಬ್ಬಿ ಹಿಡಿದಳು — ಚುಕ್ಕಾಣಿ ಹಿಡಿದ ಅಪ್ಪ, ಬಾಬಾ, ಯಾಕೆ ಯಾವಾಗಲೂ ಇಲ್ಲೇ ತಿರುಗಿಸುತ್ತಾನೆ, ಮುಂದೆ ಬಯಲು ನೀರು, ಕಲ್ಲಿಲ್ಲ ಮಣ್ಣಿಲ್ಲ — ಇರಲಿ, ಪರದೆಯ ಹಸಿರು ಗೆರೆಯೂ ಸೊಟ್ಟಗೇ ಇದೆ, ಎಂಟರಿಂದ ಹನ್ನೆರಡಕ್ಕೆ, ಅಲ್ಲಿಂದ ಹತ್ತಕ್ಕೆ, ಒಂಬತ್ತನ್ನು ಮಾತ್ರ ಮುಟ್ಟುವುದಿಲ್ಲ, ಕರ್ಕೆನ್ನಾ ದ್ವೀಪದ ಈ ಕಡಲತಳಕ್ಕೆ ತಾನೇ ಇಳಿಸಿದ ಹದಿನಾಲ್ಕು ಕಿವಿಗಳು, ನಂಬರು ಹಾಕಿದ ಸದ್ದು ಹಿಡಿಯುವ ಪೆಟ್ಟಿಗೆಗಳು, ತಳ ಕೆರೆಯುವ ಕಳ್ಳದೋಣಿಗಳ ಸದ್ದು ಹಿಡಿದು ಒಂದಕ್ಕೊಂದು ದಾಟಿಸಿ ದಡ ಮುಟ್ಟಿಸಬೇಕು, ಯಾವುದಕ್ಕೆ ದಾಟಿಸಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಸುದ್ದಿ ತಲುಪಿದರೆ ಅಂಕ, ಕಳೆದರೆ ಪೆಟ್ಟು, ಏಳು ತಿಂಗಳು ಪೆಟ್ಟು ತಿಂದೇ ಯಂತ್ರ ದಾರಿ ಕಲಿತಿದೆ, ಅದನ್ನೀಗ ಅಳಿಸಬೇಕಂತೆ, ಹತ್ತು ಗಂಟೆಯೊಳಗೆ.

ಬೆಳಿಗ್ಗೆಯೇ ಸ್ಫಾಕ್ಸ್ ಪಟ್ಟಣದ ಮೀನುಗಾರಿಕೆ ಕಚೇರಿಯಿಂದ ಮೇಲಧಿಕಾರಿ ಲಸಾದ್ ಫೋನು, ಅಲ್ಲಮ್ಮಾ, ಒಂಬತ್ತು ರಿಪೇರಿಯಾಗಿ ಮೂರು ತಿಂಗಳಾಯ್ತು, ನಿನ್ನ ಯಂತ್ರ ಇನ್ನೂ ಊರೆಲ್ಲ ಸುತ್ತಿ ಬರ್ತಿದೆ, ಬ್ಯಾಟರಿ ಏನು ನಿಮ್ಮಪ್ಪಂದಾ, ಹತ್ತು ಗಂಟೆಗೆ ಇದನ್ನ ನೋಡೋಕೆ ಅತಿಥಿಗಳು ಬರ್ತಿದ್ದಾರೆ, ಕಲಿತದ್ದನ್ನೆಲ್ಲ ಅಳಿಸಿ ನೇರ ದಾರಿ ಹಾಕು — ಸರ್, ನಸುಕಲ್ಲಿ ಒಂಬತ್ತರ ಹತ್ರ ಕಳ್ಳದೋಣಿಗಳ ಇಂಜಿನ್ನು, ತಳ ಕೆರೆಯೋ ಸರಪಳಿ, ಆ ಗದ್ದಲಕ್ಕೆ ಸುದ್ದಿ ಸತ್ತೇಹೋಗುತ್ತೆ, ಅವರು ಇನ್ನೂ ಬರ್ತಿದ್ದಾರೆ — ಬರ್ತಿಲ್ಲ, ಕಳ್ಳದೋಣಿ ಕಾಟ ನಿಂತುಹೋಗಿದೆ ಅಂತ ನಾನೇ ವರದಿ ಬರೆದಿದ್ದೀನಿ — ಓಹೋ, ಹಾಗೆ, ನೇರ ದಾರಿಯಲ್ಲಿ ಎಲ್ಲ ಸುದ್ದಿಯೂ ಒಂಬತ್ತರಲ್ಲಿ ಸಾಯುತ್ತದೆ, ದಡಕ್ಕೆ ಸುದ್ದಿ ಬರದಿದ್ದರೆ ಕಳ್ಳರೇ ಇಲ್ಲ, ಎಷ್ಟು ಚೊಕ್ಕ, ಕೆಲಸ ಹೋದರೆ ಹೋಗಲಿ, ಏನಂತೆ ನಿನ್ನ ಸಾಹೇಬಂದು, ಚುಕ್ಕಾಣಿ ಬಿಡದೆ ಬಾಬಾ ಕೇಳುತ್ತಾನೆ, ನೇರ ಹೋಗು ಅಂತಾನೆ ಬಾಬಾ, ಹೇಳ್ತಾನೆ ಹೇಳ್ತಾನೆ, ಹೋಗಿದ್ದು ಅವನ ಬೇಲಿ ಅಲ್ಲವಲ್ಲ — ಬೇಲಿ — ಮುತ್ತಜ್ಜನ ಕಾಲದಿಂದ ಬಂದ ಮೀನು ಬೇಲಿ, ಮೀನು ಸಿಕ್ಕಿಬೀಳಲೆಂದು ವರ್ಷವರ್ಷವೂ ಕಡಲತಳಕ್ಕೆ ಹೊಸ ತಾಳೆಗರಿ ಚುಚ್ಚಿ ಕಟ್ಟಿದ್ದು, ಎರಡು ವರ್ಷದ ಹಿಂದೆ ಆ ಸರಪಳಿಗಳು ಒಂದೇ ಬೆಳಗಿಗೆ ಬಾಚಿಕೊಂಡು ಹೋದವು, ಬಾಬಾ ಸೊಂಟದ ನೀರಿನಲ್ಲಿ ನಿಂತಿದ್ದ, ಕೈಯಲ್ಲಿ ಮೂರು ಗರಿ, ಆಮೇಲೆ ಆ ಜಾಗದಲ್ಲೇ ಅಲ್ಜಿಯಾ ಒಂಬತ್ತನ್ನು ಇಳಿಸಿದ್ದು, ಹಟಕ್ಕೆ.

ಫೋನು ಮತ್ತೆ, ಅಳಿಸೋ ಗುಂಡಿ ಒತ್ತಿದ್ಯಾ, ಇಲ್ಲ ಸರ್, ಒತ್ತೋದೂ ಇಲ್ಲ, ಅತಿಥಿಗಳಿಗೆ ಈ ಸೊಟ್ಟ ಗೆರೆಯನ್ನೇ ತೋರಿಸ್ತೀನಿ, ಯಾಕೆ ಸೊಟ್ಟ ಅಂತ ಕೇಳ್ತಾರಲ್ಲ, ಹೇಳ್ತೀನಿ, ಏನು ಮಾತಾಡ್ತಿದ್ದೀಯ ನೀನು, ಫೋನಿನ ಕೆಂಪು ಗುಂಡಿ ಒತ್ತಿದಳು, ಫೋನು ಬಂದ್, ಬಾಬಾ, ದೋಣಿ ತಿರುಗಿಸು, ದಡಕ್ಕೆ ಹೋಗೋಣ, ಜನ ಕಾಯ್ತಿದ್ದಾರೆ, ಹಾಯಿ ಉಬ್ಬಿತು, ದಡ ನೇರ ಎದುರಿಗೇ, ಬಯಲು ನೀರು, ಕಲ್ಲಿಲ್ಲ ಮಣ್ಣಿಲ್ಲ, ಒಂದು ಗರಿಯೂ ಇಲ್ಲ — ಬಾಬಾನ ಕೈ ತಾನಾಗಿ ಚುಕ್ಕಾಣಿಯನ್ನು ತಳ್ಳುತ್ತದೆ, ಇಲ್ಲದ ಬೇಲಿಯನ್ನು ಬಳಸಿ ದೋಣಿ ಬಾಗುತ್ತದೆ, ಪರದೆಯ ಮೇಲೆ ಗೆರೆ, ಅದೇ ಬಾಗು, ದೋಣಿ ಬಾಗುತ್ತದೆ, ಖಾಲಿ ನೀರು.