ಹಳೆಯ ಫೋನಿನ ತಡ

"ಏನಾದರೂ ಮಾತಾಡು ಸುಧನ್ವಾ, ನಿನ್ನ ಭಾಷೆಯಲ್ಲೇ," ಎಂದು ತಂಡದ ಮುಖ್ಯಸ್ಥೆ ಸುಮಯ್ಯಾ ಫೋನನ್ನು ಅವನ ಮುಂದೆ ಸರಿಸಿದಳು. ಪ್ರದರ್ಶನಕ್ಕೆಂದು ಬಂದಿದ್ದ ಎರ್ನಾಕುಲಂ ಕಚೇರಿಯ ದೊಡ್ಡ ಪರದೆಗೆ ಆ ಫೋನನ್ನು ಜೋಡಿಸಿದ್ದರು. ಅದರೊಳಗಿರುವುದು ಅವರೇ ಮಾಡಿದ ಹೊಸ ಪ್ರೊಸೆಸರ್. ಆಡಿದ್ದನ್ನು ಇಂಟರ್ನೆಟ್ಟಿಲ್ಲದೆಯೇ ಅಕ್ಷರಕ್ಕಿಳಿಸಬೇಕು, ಅದೂ ತಡವಿಲ್ಲದೆ. ಮೇಜಿನ ಸುತ್ತ ಕೂತವರಲ್ಲಿ ಯಾರಿಗೂ ಕನ್ನಡ ಬಾರದು.

ತಿರುವನಂತಪುರದ ಲ್ಯಾಬಿನಲ್ಲಿ ಕನ್ನಡದ ಪರೀಕ್ಷೆ ಸುಧನ್ವನ ಪಾಲಿನದು. ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂತು, ಕೊಟ್ಟ ವಾಕ್ಯಗಳನ್ನು ಹಳೆಯ ಪ್ರೊಸೆಸರಿನ ಫೋನಿಗೆ ಓದಿಹೇಳುವುದು. ಅಲ್ಲೇ ಉಳ್ಳೂರು ಬಡಾವಣೆಯ ರೂಮಿನಲ್ಲಿ ಜೊತೆಗಿದ್ದ ಕನ್ನಡದವನೇ ಆದ ವಿನಾಯಕ್ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ, ಧಾರವಾಡದ ಈ ಮನುಷ್ಯನಿಗೆ ಕನ್ನಡ ಆಡಲು ಉಳಿದಿದ್ದ ಜಾಗ ಅದೊಂದೇ. ವಾಕ್ಯಗಳು ಮುಗಿದರೂ ಅವನು ಏಳುತ್ತಿರಲಿಲ್ಲ. ಬಿಸಿಲು, ಬಸ್ಸು, ಗಂಟಲಲ್ಲಿಳಿಯದ ಕುಚ್ಚಲಕ್ಕಿ ಅನ್ನ, ಎಲ್ಲ ಹೇಳುತ್ತಿದ್ದ. ಹಳೆಯ ಫೋನು ತುಸು ಬಿಸಿಯಾಗಿ, ಕೇಳಿ ಯೋಚಿಸುವವರ ಹಾಗೆ ಸುಮ್ಮನಿದ್ದು, ಆಮೇಲೆ ಬರೆಯುತ್ತಿತ್ತು. ಊಟಕ್ಕೆ ಏಳುವಾಗ "ನಿಂದು ಊಟಾ ಆತೇನು?" ಅಂತ ಅದನ್ನು ಕೇಳುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಆ ತಡದೊಳಗೆ ಒಂದು ಉತ್ತರವನ್ನೂ ಅವನೇ ಕೇಳಿಸಿಕೊಳ್ಳುತ್ತಿದ್ದ.

ಈಗ ಗಂಟಲು ಸರಿಮಾಡಿಕೊಂಡ.

"ನಿನ್ನೆ ಜ್ವಾಳದ ರೊಟ್ಟಿ ಬಡದಿದ್ದೆ. ಭಾಳ ಚಲೋ ಆಗಿದ್ವು. ಒಬ್ಬಾಂವನ ಕುಂತು ತಿಂದೆ. ಚಲೋ ಆಗ್ಯಾವ ಅಂತ ಯಾರಿಗರೆ ಹೇಳಬೇಕಲ್ಲ, ಯಾರೂ ಇರಲಿಲ್ಲ."

ಬಾಯಿ ಮುಚ್ಚುವುದರೊಳಗೆ ಪರದೆಯ ಮೇಲೆ ಅಷ್ಟೂ ಮಾತು ಮೂಡಿತ್ತು. ಚಪ್ಪಾಳೆ ಬಿತ್ತು.

"ಅಡಿಪೊಳಿ! ಭರ್ಜರಿ!" ಎಂದು ತಂಡದ ಆದರ್ಶ್ ಖುಷಿಯಿಂದ ಮೇಜು ಬಡಿದ. "ನನಗೆ ರೊಟ್ಟಿ ಒಂದೇ ತಿಳಿದದ್ದು ಮಾರಾಯ. ಇಷ್ಟು ಬೇಗ ಹಸಿವಾಯಿತಾ?"

"ಹೂಂ," ಎಂದ ಸುಧನ್ವ.

ಸುಮಯ್ಯಾ ನಗುತ್ತ ಅವನ ಬೆನ್ನು ತಟ್ಟಿದಳು. "ನಿನ್ನ ಶಿಕ್ಷೆ ಮುಗಿಯಿತು. ಇನ್ನು ರೆಕಾರ್ಡಿಂಗ್ ಹಾಕಿದರೆ ಸಾಕು. ಸೋಮವಾರದಿಂದ ಆ ಗೂಡಿನಲ್ಲಿ ಕೂರುವುದು ಬೇಡ. ಹಳೇ ಫೋನುಗಳೂ ಗುಜರಿಗೆ. ಇನ್ನೊಂದೇ ಒಂದು ವಾಕ್ಯ ಹೇಳಿಬಿಡು, ನೋಡೋಣ."

ಎಲ್ಲರೂ ಪರದೆಯತ್ತ ತಿರುಗಿದರು. ಸುಧನ್ವ ಫೋನಿನ ಕಡೆ ಬಗ್ಗಿದ.

"ನಿಂದು ಊಟಾ ಆತೇನು?"

ಅವನು ತಲೆಯೆತ್ತುವ ಮೊದಲೇ ಅದೇ ಪ್ರಶ್ನೆ ಗೋಡೆಯಗಲಕ್ಕೆ ನಿಂತಿತ್ತು. ಅದರ ಪಕ್ಕ ಕರ್ಸರಿನ ಸಣ್ಣ ಗೆರೆಯೊಂದು ಮಿನುಗಿ ಆರುತ್ತಿತ್ತು, ಮತ್ತೆ ಮಿನುಗುತ್ತಿತ್ತು.