ನಲವತ್ತೆರಡನೆಯ ಊರು

ದೀಪ ಕೆಂಪಾಗಿತ್ತು. ಆದರೂ ಪೋಲೀಸಿನವನು ಬಾ ಬಾ ಎಂದು ಕೈಬೀಸುತ್ತಿದ್ದ.

ವೆಂಡೆಲ್ ಕ್ರಾಟ್ಸ್ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಅರವತ್ತೇಳು ವರ್ಷದ ಬಾಳಿನಲ್ಲಿ ಅವನು ಹೆಂಡತಿಯ ಮಾತು ದಾಟಿದ್ದುಂಟು, ದೇವರ ಮಾತು ದಾಟಿದ್ದುಂಟು, ಕೆಂಪು ದೀಪ ದಾಟಿದ್ದಿಲ್ಲ. ಮೂವತ್ತನಾಲ್ಕು ವರ್ಷ ಓಹಾಯೋದ ಟೊಲೀಡೋ ನಗರದಲ್ಲಿ ಸಿಗ್ನಲ್ ದೀಪಗಳ ಎಂಜಿನಿಯರಾಗಿದ್ದವನು. ಅವನು ಒಂದು ದಿನ ನೆಗಡಿಯೆಂದು ರಜೆ ಹಾಕಿದರೆ ಟೊಲೀಡೋದಲ್ಲಿ ಹತ್ತು ಸಾವಿರ ಕಾರುಗಳು ಎತ್ತ ಹೋಗಬೇಕೆಂದು ತಿಳಿಯದೆ ಅಳುತ್ತಿದ್ದವು.

"ಹೋಗು," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಆರ್ಡಿತ್.

"ಕೆಂಪಿದೆ."

"ಕರೀತಿದಾನಲ್ಲ."

ವೆಂಡೆಲ್ ಹೋದ. ಮುಂದೆ ಕಾರುಗಳ ಸಾಲು, ಹಿಂದೆಯೂ ಸಾಲು. ದಾಟುವ ಮುನ್ನ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡ. ಆ ದೀಪ ಇರಬೇಕಾದದ್ದಕ್ಕಿಂತ ಆರು ಸೆಕೆಂಡು ಹೆಚ್ಚು ಕೆಂಪಾಗಿರುತ್ತಿತ್ತು.

ಆಮೇಲೆ ನಡೆದದ್ದು ಅವನ ಶಾಸ್ತ್ರದಲ್ಲೇ ಇರಲಿಲ್ಲ. ಎದುರಿನಿಂದ ಬರುತ್ತಿದ್ದ ಕಾರುಗಳೆಲ್ಲ ರಸ್ತೆಯಂಚಿಗೆ ಸರಿದು ನಿಂತವು. ಕಟ್ಟಿಗೆ ಹೊತ್ತ ಲಾರಿ ನಿಂತಿತು. ಟ್ರ್ಯಾಕ್ಟರಿನವನು ಇಳಿದು ಟೋಪಿಯನ್ನು ಎದೆಗೊತ್ತಿಕೊಂಡ. ಕ್ಷೌರದಂಗಡಿಯವನು ಕತ್ತಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ಗಿರಾಕಿ, ಅರ್ಧ ಕೆನ್ನೆಯ ನೊರೆಯ ಸಮೇತ ತಲೆ ತಗ್ಗಿಸಿ ನಿಂತ. ಕೋರ್ಟಿನ ಮೆಟ್ಟಿಲ ಮೇಲೆ ಮಲಗಿದ್ದ ನಾಯಿಯೂ ಎದ್ದು ನಿಂತಿತು. ನಮ್ಮ ಪೆಟಿಗ್ರೂ ಊರಿನಲ್ಲಿ ಆ ನಾಯಿ ಎದ್ದು ನಿಂತದ್ದು ಮೂರು ಚುನಾವಣೆಗಳ ನಂತರ ಅದೇ ಮೊದಲು.

"ನೋಡ್ದಾ?" ಎಂದ ವೆಂಡೆಲ್.

"ಹೂಂ," ಎಂದಳು ಆರ್ಡಿತ್.

"ನಂಬರ್ ಪ್ಲೇಟ್ ನೋಡಿರಬೇಕು. ಪರಊರಿನವರು ಅಂತ ದಾರಿ ಬಿಡ್ತಿದಾರೆ."

ಆರ್ಡಿತ್ ತೊಡೆಯ ಮೇಲಿನ ಕೈಚೀಲವನ್ನು ಸರಿಮಾಡಿಕೊಂಡಳು.

ವೆಂಡೆಲ್ ಕೈ ಎತ್ತಿದ. ಮೊದಲು ಸ್ಟೇರಿಂಗಿನ ಮೇಲೇ ಎರಡು ಬೆರಳು. ಮುಂದಿನ ತಿರುವಿನಲ್ಲಿ ಇಡೀ ಅಂಗೈ. ಬೀದಿ ಮುಗಿಯುವ ಹೊತ್ತಿಗೆ ಕಿಟಕಿಯ ಗಾಜಿಳಿಸಿ, ಪಟ್ಟಕ್ಕೆ ಬಂದ ರಾಜನ ಹಾಗೆ ಮಣಿಕಟ್ಟು ತಿರುಗಿಸುತ್ತ ಬೀಸತೊಡಗಿದ್ದ. ಟೋಪಿ ತೆಗೆದವರು ಕಣ್ಣರಳಿಸಿ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅದನ್ನೂ ಅವನು ಸೌಜನ್ಯದ ಲೆಕ್ಕಕ್ಕೇ ಸೇರಿಸಿದ.

ಇದು ನಲವತ್ತೆರಡನೆಯ ಊರು. ಟೊಲೀಡೋದ ಮನೆ ಮಾರಿ ಹದಿನಾಲ್ಕು ತಿಂಗಳಾಗಿತ್ತು. ಚಳಿಗಾಲದಲ್ಲಿ ಒಮ್ಮೆ ಹಿಮ ಎತ್ತುತ್ತ ಬಿದ್ದವನು, ಬಿದ್ದಲ್ಲಿಂದಲೇ, ಉಳಿದ ಬದುಕನ್ನು ದಕ್ಷಿಣದ ಒಂದು ಚಿಕ್ಕ ಊರಿನಲ್ಲಿ ಕಳೆಯುವುದೆಂದು ತೀರ್ಮಾನಿಸಿದ್ದ. ಸಾಮಾನೆಲ್ಲ ಒಂದು ಗೋದಾಮಿನಲ್ಲಿ. ಗಂಡಹೆಂಡಿರು ಮೋಟೆಲುಗಳಲ್ಲಿ. ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಮತ್ತೆ ಜಾರ್ಜಿಯಾ. ಅವರ ಬ್ಯೂಕ್ ಕಾರು ತುಳಿಯದ ಡಾಂಬರು ಆ ಮೂರು ರಾಜ್ಯಗಳಲ್ಲಿ ಇನ್ನು ಹಾಕಬೇಕಾದದ್ದು ಮಾತ್ರ.

ಒಂದೊಂದು ಊರಿಗೆ ಒಂದೊಂದು ಕೊರತೆ. ಒಂದರಲ್ಲಿ ಚರ್ಚಿನ ಗಂಟೆ ಎರಡು ನಿಮಿಷ ತಡ. ಒಂದರಲ್ಲಿ ಹೂವು ಅತಿಯಾಯಿತು. ಒಂದರಲ್ಲಿ ತಿಂಡಿ ಕೊಡುವ ಹೆಂಗಸು ಒಂದೇ ಬೆಳಿಗ್ಗೆ ಮೂರು ಸಲ "ಚಿನ್ನಾ" ಎಂದಳು. ಇನ್ನೊಂದರಲ್ಲಿ ಒಮ್ಮೆಯೂ ಅನ್ನಲಿಲ್ಲ.

ನಿನ್ನೆ ಮೋಟೆಲಿನಲ್ಲಿ ಆರ್ಡಿತ್ ಹಲ್ಲುಜ್ಜುತ್ತ, ಕನ್ನಡಿಗೆ ಹೇಳುವಂತೆ ಹೇಳಿದ್ದಳು: "ನಾಳೆದು ಕೊನೇ ಊರು. ಅದರಲ್ಲೂ ಹುಳುಕು ಹುಡುಕಿದ್ರೆ ನಾನು ಆಕ್ರನ್‌ಗೆ ತಂಗಿ ಮನೆಗೆ ಹೋಗ್ತೀನಿ. ನೀನು ಹುಡುಕ್ತಾ ಇರು."

"ಎಷ್ಟು ದಿನಕ್ಕೆ?"

"ಬ್ರಶ್ ತಗೊಂಡು ಹೋಗ್ತೀನಿ," ಎಂದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅದು ಎಂಥ ಮಾತೆಂದು ಅವನಿಗೆ ಗೊತ್ತಿತ್ತು.

ಈಗ, ಕಾರಿನಲ್ಲಿ, ಅವನಿಗೆ ಅವಳ ಕಡೆ ತಿರುಗಿ "ಸಿಕ್ಕಿತು" ಎನ್ನಬೇಕೆನಿಸಿತು. ಬಾಯಿ ತೆರೆದ. ಅಷ್ಟರಲ್ಲಿ ಸಾಲು ಒಂದು ಕಬ್ಬಿಣದ ಕಮಾನಿನೊಳಗೆ ತಿರುಗಿತು. ಎರಡೂ ಬದಿಗೆ ಕಲ್ಲುಗಳು. ಕಲ್ಲುಗಳ ಮೇಲೆ ಹೆಸರುಗಳು. ತುಂಬ ಮುಂದೆ ಒಂದು ಉದ್ದನೆಯ ಕಪ್ಪು ಗಾಡಿ ಹಿಂಬಾಗಿಲು ತೆರೆದು ನಿಂತಿತ್ತು.

ವೆಂಡೆಲ್‌ನ ಕೈ ಇನ್ನೂ ಕಿಟಕಿಯ ಹೊರಗಿತ್ತು.

"ಆರ್ಡಿತ್, ಇದು ಹೆಣದ ಮೆರವಣಿಗೆ."

"ಹೌದು."

"ನಿಂಗೆ ಗೊತ್ತಿತ್ತಾ?"

"ಬೆಳಿಗ್ಗೆ ನೀನು ಕಂಬಗಳ ಮನೆ ಮುಂದೆ ಕಾರು ನಿಲ್ಲಿಸಿದ್ಯಲ್ಲ, ಗ್ರಂಥಾಲಯ ಅಂತ. ಅದು ಗ್ರಂಥಾಲಯ ಅಲ್ಲ, ಮಣ್ಣಿಗೆ ಮುಂಚೆ ಹೆಣ ಇಡೋ ಮನೆ. ನೀನು ಔಷಧಿ ಅಂಗಡೀಲಿ ಇದ್ದಾಗ ಕಪ್ಪು ಕೋಟಿನವನೊಬ್ಬ ಬಂದು ಎಲ್ಲ ಕಾರಿನ ನೆತ್ತಿಗೂ ಹೆಣದ ಜೊತೆ ಹೋಗೋ ಕಾರು ಅನ್ನೋ ಗುರುತಿಗೆ ನೇರಳೆ ಬಾವುಟ ಅಂಟಿಸ್ತಾ ಹೋದ. ನಮ್ಮದಕ್ಕೂ ಅಂಟಿಸ್ದ."

"ಮತ್ತೆ ಹೇಳೋದಲ್ವಾ?"

ಆರ್ಡಿತ್ ಕಿಟಕಿಯಾಚೆಗಿನ ಕಲ್ಲುಗಳನ್ನು ನೋಡಿದಳು. "ನೀನು ನಗ್ತಿದ್ದೆ," ಎಂದಳು. "ತುಂಬಾ ದಿನ ಆಗಿತ್ತು."

ಹಿಂದಕ್ಕೆ ಹೋಗುವಂತಿರಲಿಲ್ಲ, ಹಿಂದೆ ಇನ್ನೂ ಮೂವತ್ತು ಕಾರು. ಪೆಟಿಗ್ರೂದಲ್ಲಿ ಸತ್ತವನು ಪರಿಚಯದವನಲ್ಲ ಎಂಬ ಕ್ಷುಲ್ಲಕ ಕಾರಣಕ್ಕೆ ಯಾರೂ ಮಣ್ಣಿಗೆ ತಪ್ಪಿಸಿಕೊಳ್ಳುವುದಿಲ್ಲ. ಇಳಿದು ಕ್ಷಮೆ ಕೇಳುವುದೆಂದು ವೆಂಡೆಲ್ ಬಾಗಿಲಿಗೆ ಕೈ ಹಾಕುವ ಮೊದಲೇ ಅದು ಹೊರಗಿನಿಂದ ತೆರೆಯಿತು. ಪಾಸ್ಟರ್ ಹಾಯ್ಟ್. ಆನೆಯಂಥ ಆಳು, ಕರವಸ್ತ್ರ ಹಿಂಡಿದರೆ ಒಂದು ಬಕೆಟ್ ಬೆವರು.

"ಓಹಾಯೋ ಪ್ಲೇಟು ನೋಡ್ದೆ ಸರ್. ಅಲ್ಲಿಗೆ ನಾವು ಬರೆದ ಕಾಗದ ತಲುಪಿತೋ ಇಲ್ವೋ ಅಂತಿದ್ವಿ. ತೀರಿಕೊಂಡ ಎಮಿಲ್ ಅವರ ತಮ್ಮ ಬಂದ್ರಲ್ಲ, ದೇವರು ದೊಡ್ಡೋನು."

"ನಾನು ಏನಂದ್ರೆ..."

"ಮಾತಾಡ್ಬೇಡಿ ಸರ್. ಇಂಥ ಹೊತ್ತಲ್ಲಿ ಯಾರಿಗೂ ಮಾತು ಬರಲ್ಲ."

"ಅಲ್ಲ, ನಾನು ಅವರ..."

"ಗೊತ್ತು ಸರ್, ಗೊತ್ತು. ಬನ್ನಿ ಅಮ್ಮಾ, ನೀವೂ ಬನ್ನಿ. ನೆರಳಿದೆ."

ದಕ್ಷಿಣದ ಸೌಜನ್ಯ ಅಂಥದ್ದು. ಒಬ್ಬ ಮನುಷ್ಯನ ಬಾಯಲ್ಲಿ ಒಂದು ವಾಕ್ಯ ಪೂರ್ತಿಯಾಗಲು ಬಿಡುವುದಿಲ್ಲ.

ನೆರಳಿದ್ದದ್ದು ಹಸಿರು ಡೇರೆಯ ಕೆಳಗೆ ಮಾತ್ರ. ಅಲ್ಲಿ ಮನೆಯವರಿಗೆಂದು ಮಖಮಲ್ಲು ಹೊದಿಸಿದ ಎಂಟು ಕುರ್ಚಿಗಳು, ಎಂಟೂ ಖಾಲಿ. ಅವರಿಬ್ಬರನ್ನು ನಡುವೆ ಕೂರಿಸಿದರು. ಹೊರಗೆ ಬಿಸಿಲಿನಲ್ಲಿ ಇನ್ನೂರು ಜನ ರಟ್ಟಿನ ಬೀಸಣಿಗೆ ಬೀಸಿಕೊಳ್ಳುತ್ತ ನಿಂತಿದ್ದರು. ಪೆಟ್ಟಿಗೆ ವೆಂಡೆಲ್‌ನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವನು ಕಾಲು ಹಿಂದೆಳೆದುಕೊಂಡ.

"ಎಮಿಲ್ ನೊವೊಟ್ನಿ ಅವರು ನಮ್ಮೂರಿಗೆ ಹೊಸಬ್ರು," ಎಂದು ಪಾಸ್ಟರ್ ಶುರುಮಾಡಿದ. "ಬಂದು ಇಪ್ಪತ್ತೊಂಬತ್ತು ವರ್ಷ ಆಗಿತ್ತಷ್ಟೇ."

ಯಾರೂ ನಗಲಿಲ್ಲ.

"ಅವರ ಬಗ್ಗೆ ಯಾರಾದ್ರೂ ಎರಡು ಮಾತು ಹೇಳೋದಿದ್ರೆ..."

ಬೀಸಣಿಗೆಗಳು ನಿಂತವು. ಒಂದು ಕಾಗೆ ಕೂಗಿತು. ಕೊನೆಗೆ ಹಿಂದಿನಿಂದ ಒಬ್ಬ ಹೇಳಿದ: "ಹುಲ್ಲನ್ನ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸ್ತಿದ್ರು."

"ನನ್ನ ಏಣಿ ವಾಪಸ್ ಕೊಟ್ರು," ಎಂದ ಇನ್ನೊಬ್ಬ. ಸ್ವಲ್ಪ ಯೋಚಿಸಿ, "ಒರೆಸಿ ಕೊಟ್ರು."

ಚರ್ಚಿನ ಅಡುಗೆಮನೆಯ ಹಿರಿಯಳು ಮಿಸ್ ಯೂಲಾ ಗಂಟಲು ಸರಿಮಾಡಿಕೊಂಡಳು. "ಕೋರ್ಟಿನ ಮುಂದಿನ ದೀಪ ನಾಲ್ಕು ಸೆಕೆಂಡು ಜಾಸ್ತಿ ಕೆಂಪಿರತ್ತೆ ಅಂತ ಇಪ್ಪತ್ತೊಂಬತ್ತು ವರ್ಷ ಊರಿನ ಕೌನ್ಸಿಲ್ಲಿಗೆ ಕಾಗದ ಬರೀತಾನೇ ಇದ್ರು. ಪಾಪ."

"ನಾಲ್ಕಲ್ಲ, ಆರು," ಎಂದ ವೆಂಡೆಲ್.

ಅವನು ಅನ್ನಬೇಕೆಂದು ಅಂದದ್ದಲ್ಲ. ಅದು ಮೂವತ್ತನಾಲ್ಕು ವರ್ಷದ ಕಸುಬು ಅಂದದ್ದು. ಆದರೆ ಇನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಪಕ್ಕದ ಜಿಲ್ಲೆಗೂ ಕೇಳಿಸಿತು.

"ಒಡಹುಟ್ಟಿದವನೇ ಕಣ್ರೇ," ಎಂದಳು ಮಿಸ್ ಯೂಲಾ, ಕಣ್ಣೊರೆಸಿಕೊಳ್ಳುತ್ತ.

"ಹೇಳಿ ಸರ್, ಮನಸ್ಸಲ್ಲಿರೋದು ಹೇಳ್ಬಿಡಿ," ಎಂದು ಪಾಸ್ಟರ್ ಅವನನ್ನು ತೋಳು ಹಿಡಿದು ಎಬ್ಬಿಸಿದ.

ವೆಂಡೆಲ್ ನಿಂತ. ಈಗ ಹೇಳಿಬಿಡಬೇಕು, ನಾನು ಯಾರೂ ಅಲ್ಲ ಎಂದು. ಆರ್ಡಿತ್ ಅವನನ್ನೇ ನೋಡುತ್ತಿದ್ದಳು.

"ಅವನು," ಎಂದ. ನಿಲ್ಲಿಸಿದ. "ಇಂಥವನಿಗೆ ಮೊದಲು ಕಣ್ಣಿಗೆ ಬೀಳೋದು ತಪ್ಪು. ಎಲ್ಲಾದ್ರೂ ಹೋದ್ರೆ ಆ ಆರು ಸೆಕೆಂಡು ಕಾಣತ್ತೆ. ಮಿಕ್ಕಿದ್ದು ಕಾಣಲ್ಲ. ಅದನ್ನ ಸರಿಮಾಡಿದ್ರೆ ಇಲ್ಲಿ ಇರಬಹುದು ಅಂದ್ಕೋತಾನೆ. ಅದು ಸರಿಹೋಗಲ್ಲ. ಊರಿನದೇನೂ ತಪ್ಪಿರಲ್ಲ." ತನ್ನ ಅಂಗೈ ನೋಡಿಕೊಂಡ. "ಯಾರಾದ್ರೂ ಕೈಬೀಸಿದ್ರೆ ತನಗೇ ಬೀಸಿದ್ರು ಅಂದ್ಕೊಂಡಿರ್ತಾನೆ. ಅಷ್ಟೆ."

ಕೂತ. ಏಣಿಯವನು ಬಿಕ್ಕಿಬಿಕ್ಕಿ ಅಳುತ್ತಿದ್ದ. ಪೆಟಿಗ್ರೂದಲ್ಲಿ ಆ ದಿನ ಸುರಿದ ಕಣ್ಣೀರಿಗೆ ಹತ್ತಿಹೊಲಗಳಲ್ಲಿ ಇನ್ನೊಂದು ಬೆಳೆ ಬಂತು ಎಂದು ಈಗಲೂ ಹೇಳುತ್ತಾರೆ.

ಆರ್ಡಿತ್ ಮಾತ್ರ ಅಳಲಿಲ್ಲ. ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು, ಬಿಟ್ಟಳು.

ಮಣ್ಣಾದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ಹುರಿದ ಕೋಳಿ ಮೂವತ್ತು ತಟ್ಟೆ, ಕೋಸಂಬರಿಯಂಥವು ಹದಿನೇಳು, ಬಾಳೆಹಣ್ಣಿನ ಪುಡ್ಡಿಂಗು ಈಜಾಡುವಷ್ಟು, ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ ಹಾಕಿದ ತಣ್ಣನೆ ಟೀ. ಕಾಲು ಗಂಟೆಯೊಳಗೆ ಆರ್ಡಿತ್ ಯಾರದೋ ಏಪ್ರನ್ ಕಟ್ಟಿಕೊಂಡಿದ್ದಳು. ಅರ್ಧ ಗಂಟೆಯೊಳಗೆ ಅಡುಗೆಮನೆಯಿಂದ ಅವಳ ನಗು ಕೇಳಿಸಿತು. ಆ ನಗು ಟೊಲೀಡೋದಲ್ಲೇ, ಗೋದಾಮಿನ ಯಾವುದೋ ಡಬ್ಬಿಯಲ್ಲಿ ಉಳಿದಿದೆಯೆಂದು ವೆಂಡೆಲ್ ತಿಳಿದಿದ್ದ.

ಮಿಸ್ ಯೂಲಾ ಅವನ ತಟ್ಟೆಗೆ ಇನ್ನೊಂದು ಕೋಳಿತೊಡೆ ಹಾಕಿದಳು. "ನಿಮ್ಮದು ಯಾವ ಚರ್ಚಪ್ಪಾ?"

"ಹಾಗೇನೂ ಇಲ್ಲ."

"ಪಾಪ. ಆಗತ್ತೆ ಬಿಡಿ." ಏಪ್ರನ್ನಿನ ಜೇಬಿನಿಂದ ಒಂದು ಬೀಗದ ಕೈ ತೆಗೆದು ತಟ್ಟೆಯ ಪಕ್ಕ ಇಟ್ಟಳು. "ಎಮಿಲ್ ಮನೇದು. ಕೋರ್ಟ್ ದಾಟಿ ಎಡಕ್ಕೆ, ಮೂರನೇದು. ಹಾಸಿಗೆ ಹಾಸಿದೀವಿ. ಎಷ್ಟು ದಿನ ಬೇಕಾದ್ರೂ ಇರಿ. ಇದ್ದೇಬಿಟ್ರೂ ಸಂತೋಷಾನೇ."

"ಮಿಸ್ ಯೂಲಾ, ನಾನು ಅವರ ತಮ್ಮ ಅಲ್ಲ."

ಕೊನೆಗೂ ಒಂದು ವಾಕ್ಯ ಪೂರ್ತಿಯಾಗಿತ್ತು. ಮಿಸ್ ಯೂಲಾ ಅವನ ಕೆನ್ನೆ ತಟ್ಟಿದಳು.

"ಅವರೂ ಹಾಗೇ ಅಂತಿದ್ರು. ನನಗ್ಯಾರೂ ಇಲ್ಲ ಅಂತ. ಊಟ ಮಾಡಿ."

ವೆಂಡೆಲ್ ಅಡುಗೆಮನೆಯ ಬಾಗಿಲಿಗೆ ಹೋದ. ಆರ್ಡಿತ್ ಮೊಣಕೈವರೆಗೆ ನೊರೆಯಲ್ಲಿದ್ದಳು. ಅವನ ಹಿಂದೆ ಅಂಗಳಕ್ಕೆ ಬಂದಳು.

"ಹೇಳ್ದೆ. ನಂಬಲಿಲ್ಲ," ಎಂದ.

"ಕೇಳಿಸ್ತು."

"ಇದು ಸುಳ್ಳಿನ ಮೇಲೆ ನಿಂತಿರೋದು."

"ಟೊಲೀಡೋ ಜೌಗಿನ ಮೇಲೆ ನಿಂತಿತ್ತು. ಅಲ್ಲಿ ನಾವು ಇರಲಿಲ್ವಾ?"

"ಅವರು ಟೋಪಿ ತೆಗೆದಿದ್ದು ನಮಗಲ್ಲ."

"ನನಗೆ ಟೋಪಿ ಬೇಡ," ಎಂದಳು. "ಶುಕ್ರವಾರ ಪೀಚ್ ಹಣ್ಣು ಬೇಯಿಸ್ತಾರಂತೆ, ಬಾ ಅಂದಿದಾರೆ. ಮನೆ ನೋಡ್ಕೊಂಡು ಬಾ. ನಾಲ್ಕಕ್ಕೆ ಪಾತ್ರೆ ಮುಗಿಯತ್ತೆ. ಆಗ ಹೇಳು. ಪೀಚೋ, ಆಕ್ರನ್ನೋ."

ಅವನು ಕಾರು ಹತ್ತಿದ. ಆರ್ಡಿತ್ ಕಾರಿನ ನೆತ್ತಿಯ ಕಡೆ ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು.

ಬೀಗದ ಕೈ ಪಕ್ಕದ ಸೀಟಿನಲ್ಲಿ, ಅವಳ ಜಾಗದಲ್ಲಿತ್ತು. ಕೋರ್ಟಿನ ಮುಂದಿನ ದೀಪ ಕೆಂಪಾಗಿತ್ತು. ವೆಂಡೆಲ್ ನಿಂತ.

ಎದುರಿನ ಸಿಮೆಂಟು ಲಾರಿ ಅಂಚಿಗೆ ಸರಿಯಿತು. ಅದರ ಹಿಂದಿನ ಕಾರು, ಅದರ ಹಿಂದಿನದು. ಲಾರಿಯವನು ಇಳಿದು ಟೋಪಿ ತೆಗೆದ. ಕ್ಷೌರದಂಗಡಿಯವನು ಹೊರಗೆ ಬಂದ. ಗಿರಾಕಿಯೂ ಬಂದ, ಈಗ ಎರಡೂ ಕೆನ್ನೆ ನುಣುಪು. ನಾಯಿ ಎದ್ದಿತು. ಮುಂದೆ ಕಪ್ಪು ಗಾಡಿಯಿರಲಿಲ್ಲ, ಹಿಂದೆ ಯಾರೂ ಇರಲಿಲ್ಲ. ಇಡೀ ರಸ್ತೆಯಲ್ಲಿ ಅವನದೊಂದೇ ಕಾರು.

ಪಕ್ಕದ ಡಾಂಬರಿನ ಮೇಲೆ ಕಾರಿನ ನೆರಳು ಬಿದ್ದಿತ್ತು. ಆ ನೆರಳಿನ ನೆತ್ತಿಯ ಮೇಲೆ ಒಂದು ಪುಟ್ಟ ಬಾವುಟ ಪಟಪಟನೆ ಹಾರುತ್ತಿತ್ತು.

ಕೈ ಹೊರಗೆ ಚಾಚಿದರೆ ಕೀಳಬಹುದಿತ್ತು. ವೆಂಡೆಲ್ ಕೈ ಚಾಚಿದ. ಅದನ್ನು ಕಂಡು ಲಾರಿಯವನು ತಲೆ ಇನ್ನಷ್ಟು ತಗ್ಗಿಸಿದ. ಕೈ ಅಲ್ಲೇ, ಗಾಳಿಯಲ್ಲಿ ನಿಂತಿತು. ಬೀಸುವುದಕ್ಕೂ ಅಲ್ಲದೆ ಕೀಳುವುದಕ್ಕೂ ಅಲ್ಲದೆ.

ಪೋಲೀಸಿನವನು ಬಾ ಬಾ ಎಂದು ಕರೆದ. ವೆಂಡೆಲ್ ದೀಪವನ್ನೇ ನೋಡುತ್ತ ಎಣಿಸಿದ. ನಾಲ್ಕು. ಐದು. ಆರು. ಹಸಿರು ಬಂತು. ಕಾಲು ಬ್ರೇಕಿನಿಂದ ಏಳಲಿಲ್ಲ. ಯಾರೂ ಹಾರ್ನ್ ಹೊಡೆಯಲಿಲ್ಲ. ಪೆಟಿಗ್ರೂದಲ್ಲಿ ಹೆಣಕ್ಕೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ಟೋಪಿ ತೆಗೆದ ತಲೆಗಳ ಎರಡು ಸಾಲು ಬಿಸಿಲಿನಲ್ಲಿ ಮಿನುಗುತ್ತ, ಅವನು ದಾಟಲೆಂದು ಕಾದಿತ್ತು.

ದೀಪ ಮತ್ತೆ ಕೆಂಪಾಯಿತು. ಅವನು ಮೊದಲಿನಿಂದ ಎಣಿಸತೊಡಗಿದ.